ಗಲ್ಲಾದ ಪಕ್ಕದ ಕಾದಂಬರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನಮ್ಮದೊಂದು ಬೀಜ, ಗೊಬ್ಬರ, ಔಷಧದ ಅಂಗಡಿ. ಗಲ್ಲಾದ ಪಕ್ಕ ಯಾವಾಗಲೂ ಒಂದು ಕಾದಂಬರಿ ಬಿದ್ದಿರುತ್ತದೆ. ಯೂರಿಯಾ ಇದೆಯಾ ಅಂತ ಕೇಳಿದವರ ಎರಡನೇ ಪ್ರಶ್ನೆ ಆ ಪುಸ್ತಕದ ಬಗ್ಗೆಯೇ ಇರುತ್ತದೆ. ಅದೂ ಅದೇ ಅದೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿ ನೋಯುತ್ತದೆ, ಹೀಗಾಗಿ ಎಲ್ಲಾ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೇಳಿದವರಲ್ಲಿ ಗಿರಾಕಿಗಳಿದ್ದಾರೆ, ಗೆಳೆಯರಿದ್ದಾರೆ, ನಮ್ಮ ಮನೆಯವರೂ ಇದ್ದಾರೆ.

ಗೊಬ್ಬರ ಮಾರೋ ಮನುಷ್ಯನಿಗೆ ಕಾದಂಬರಿ ಓದೋಕೆ ಪುರಸೊತ್ತು ಎಲ್ಲಿಂದ ಬರುತ್ತೆ?

ಸೀಸನ್ ಇದ್ದಾಗ ಬರಲ್ಲ. ಕಾಲುವೆಗೆ ನೀರು ಬಿಟ್ಟು, ಸಸಿ ಮಡಿ ಹಾಕಿ, ನಾಟಿ ಮುಗಿಯೋ ತನಕ ನನಗೆ ಊಟದ ನೆನಪೂ ಇರುವುದಿಲ್ಲ. ಒಂದು ಕೈಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಷೀನು, ಇನ್ನೊಂದು ಕೈಯಲ್ಲಿ ಬಿಲ್ಲು. ಆದರೆ ಸೀಸನ್ ಮುಗಿದ ಮೇಲೆ ಮಧ್ಯಾಹ್ನ ಎರಡರಿಂದ ಐದರ ತನಕ ಅಂಗಡಿಗೆ ನೊಣ ಬಿಟ್ಟರೆ ಯಾರೂ ಬರಲ್ಲ.

ಇನ್ನೊಂದು ಕಾರಣವೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಅವತ್ತು ಈ ಕಡೆ ಯಾರೂ ಸರಿಯಾಗಿ ಮಲಗಲಿಲ್ಲ. ಆಮೇಲೆ ಎಲ್ಲಾ ಗೇಟು ಬದಲಿಸಬೇಕು ಅಂತಾಯಿತು, ಅದಕ್ಕಾಗಿ ಮರುವರ್ಷ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಎರಡನೇ ಬೆಳೆ ಇಲ್ಲ ಅಂದರೆ ನನ್ನ ಅಂಗಡಿಯಲ್ಲಿ ಎರಡನೇ ಸೀಸನ್ನೂ ಇಲ್ಲ. ಆ ಚಳಿಗಾಲ ಓದಿದಷ್ಟು ನಾನು ಕಾಲೇಜಿನಲ್ಲಿದ್ದಾಗಲೂ ಓದಿಲ್ಲ. ಯಾರಾದರೂ "ಓದೋಕೆ ಟೈಮೇ ಸಿಗಲ್ಲ" ಅಂದಾಗ, ಟೈಮ್ ಸಿಗದೇ ಇರಲಿ ಅಂತಲೇ ಹಾರೈಸುತ್ತೇನೆ. ನಾನು ನೆಮ್ಮದಿಯಾಗಿ ಕೂತು ಓದುತ್ತಿದ್ದೇನೆ ಅಂದರೆ ನನ್ನ ಉದ್ರಿ ಪುಸ್ತಕ ಅಳುತ್ತಿದೆ ಅಂತ ಅರ್ಥ.

ಒಳ್ಳೆ ಕಾದಂಬರಿ ಅಂತ ಹೇಗೆ ಹೇಳ್ತೀರಿ? ನೀವೇನು ವಿಮರ್ಶಕರಾ?

ಅಲ್ಲಪ್ಪ. ಬಿ.ಕಾಂ ಪಾಸು, ಅಷ್ಟೇ. ನನ್ನ ಹತ್ತಿರ ಇರೋದು ಒಂದೇ ಅಳತೆ. ಓದುತ್ತಾ ಕೂತಿರುತ್ತೇನೆ, ಗಿರಾಕಿ ಬರುತ್ತಾನೆ. ಭತ್ತಕ್ಕೆ ಕಂದು ಜಿಗಿ ಹುಳು ಬಿದ್ದಿದೆ ಅನ್ನುತ್ತಾನೆ, ಕಿತ್ತು ತಂದ ಪೈರು ತೋರಿಸುತ್ತಾನೆ, ಪಕ್ಕದ ಹೊಲದವನನ್ನು ಬೈಯುತ್ತಾನೆ, ಕೊನೆಗೆ ಉದ್ರಿ ಬರಕೋ ಅನ್ನುತ್ತಾನೆ. ಇಪ್ಪತ್ತು ನಿಮಿಷ ಹೋಯಿತು. ಆಮೇಲೆ ಕೈ ತೊಳೆದುಕೊಂಡು ಬಂದು ಕೂತಾಗ ನನ್ನ ಕೈ ಮೊಬೈಲಿಗೆ ಹೋಗುತ್ತೋ ಪುಸ್ತಕಕ್ಕೆ ಹೋಗುತ್ತೋ ನೋಡುತ್ತೇನೆ. ಪುಸ್ತಕಕ್ಕೆ ಹೋದರೆ ಅದು ಒಳ್ಳೆ ಕಾದಂಬರಿ.

ದೊಡ್ಡ ದೊಡ್ಡವರು ಹೊಗಳಿದ ಕೆಲವು ಪುಸ್ತಕ ಈ ಪರೀಕ್ಷೆಯಲ್ಲಿ ನಪಾಸಾಗಿವೆ. ಅದು ಪುಸ್ತಕದ ತಪ್ಪೇ ಇರಬೇಕು ಅಂತೇನಿಲ್ಲ. ಕೆಲವು ಪುಸ್ತಕಕ್ಕೆ ಬಾಗಿಲು ಹಾಕಿದ ಕೋಣೆ ಬೇಕು, ನನ್ನ ಅಂಗಡಿಗೆ ಬಾಗಿಲೇ ಇಲ್ಲ, ಷಟರ್ ಇದೆ.

ಈಚೆಗೆ ಓದಿದ್ದರಲ್ಲಿ ಒಂದೇ ಒಂದು ಹೆಸರು ಹೇಳಿ ಅಂದರೆ?

'ತೇಜೋ ತುಂಗಭದ್ರಾ'. ವಸುಧೇಂದ್ರ ಬರೆದದ್ದು, 2019ರಲ್ಲಿ ಬಂತು. ನಾನು ತಡವಾಗಿ ಓದಿದೆ. ಅವರು ಸಂಡೂರಿನವರು, ಅಂದರೆ ನಮ್ಮ ಹೊಳೆಯ ಆಚೆ ದಂಡೆಯವರು. ಹೀಗಾಗಿ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ತೇಜೋ ಅನ್ನುವುದು ಪೋರ್ಚುಗಲ್ಲಿನ ಲಿಸ್ಬನ್ ಊರಿನ ಹೊಳೆ. ಅಲ್ಲಿ ಗೇಬ್ರಿಯಲ್ ಅನ್ನೋ ಬಡ ಹುಡುಗ, ಬೆಲ್ಲಾ ಅನ್ನೋ ಯಹೂದಿ ಹುಡುಗಿ. ಈ ಕಡೆ ತುಂಗಭದ್ರೆಯ ದಂಡೆಯ ಒಂದು ಹಳ್ಳಿಯಲ್ಲಿ ಹಂಪಮ್ಮ, ಕೇಶವ, ಮಾಪಳ ನಾಯಕ. ಎರಡೂ ಕಡೆಯ ಕತೆ ಬೇರೆ ಬೇರೆಯಾಗಿ ಹರಿದು ಗೋವಾದ ಕಡೆ ಸೇರುತ್ತವೆ. ಅಲ್ಬುಕರ್ಕ್ ಗೋವಾ ಗೆದ್ದದ್ದು 1510ರಲ್ಲಿ, ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಶಾಲೆಯಲ್ಲಿ ಈ ಎರಡೂ ಇಸವಿ ಬಾಯಿಪಾಠ ಮಾಡಿದ್ದೆ, ಒಂದು ಪರೀಕ್ಷೆಗೆ ಒಂದು, ಇನ್ನೊಂದು ಪರೀಕ್ಷೆಗೆ ಇನ್ನೊಂದು. ಇವೆರಡೂ ಒಂದೇ ಕಾಲ, ಒಬ್ಬ ಮನುಷ್ಯ ಎರಡನ್ನೂ ನೋಡಿರಬಹುದು ಅಂತ ಹೊಳೆದದ್ದು ಈ ಪುಸ್ತಕ ಓದಿದ ಮೇಲೆ. ಮಾಸ್ತರರು ಹೇಳಿರಲಿಲ್ಲ, ಅಥವಾ ಹೇಳಿದಾಗ ನಾನು ಕಿಟಕಿ ನೋಡುತ್ತಿದ್ದೆ.

ನನಗೆ ಬಹಳ ಹಿಡಿಸಿದ್ದು ಹಡಗಿನ ಭಾಗ. ತಿಂಗಳುಗಟ್ಟಲೆ ನೀರಿನ ಮೇಲೆ, ಹಸಿವು, ರೋಗ, ಜಗಳ. ಅದನ್ನು ಓದುವಾಗ ಮೂರು ಸಲ ಗಿರಾಕಿ ಬಂದರು. ಮೂರೂ ಸಲ ನನಗೆ ಸಿಟ್ಟು ಬಂತು. ವ್ಯಾಪಾರಸ್ಥನಿಗೆ ಗಿರಾಕಿ ಮೇಲೆ ಸಿಟ್ಟು ಬರಬಾರದು, ಆದರೂ ಬಂತು.

ವಿಜಯನಗರ ಅಂದ ಕೂಡಲೇ ನಮ್ಮ ಕಡೆ ಮುತ್ತು-ರತ್ನ ಬೀದಿಯಲ್ಲಿ ಸೇರಿನಲ್ಲಿ ಅಳೆದು ಮಾರುತ್ತಿದ್ದರು ಅಂತ ಶುರು ಮಾಡುತ್ತಾರೆ. ಈ ಕಾದಂಬರಿ ಆ ಬೀದಿಯ ಹಿಂದಿನ ಓಣಿಗೆ ಕರಕೊಂಡು ಹೋಗುತ್ತದೆ. ರಾಜನಿಗಾಗಿ ತಲೆ ಕೊಡುತ್ತೇವೆ ಅಂತ ಹರಕೆ ಹೊತ್ತ ಲೆಂಕರು ಬರುತ್ತಾರೆ. ವೈಭವದ ಲೆಕ್ಕವನ್ನು ಯಾರು ತೀರಿಸಿದರು ಅಂತ ಗೊತ್ತಾಗುತ್ತದೆ. ಓದಿ ಮುಗಿಸಿದ ಭಾನುವಾರ ಬೈಕ್ ತಗೊಂಡು ಆನೆಗುಂದಿಗೆ ಹೋದೆ, ನಮ್ಮೂರಿಂದ ಹತ್ತು-ಹನ್ನೆರಡು ಕಿಲೋಮೀಟರ್ ಅಷ್ಟೇ. ಅದೇ ಬಂಡೆ, ಅದೇ ಹೊಳೆ, ಸಾವಿರ ಸಲ ನೋಡಿದ್ದು. ಅವತ್ತು ಮಾತ್ರ ದಂಡೆಯ ಮೇಲೆ ಸುಮ್ನೆ ಒಂದು ತಾಸು ಕೂತೆ.

ತಕರಾರು ಇಲ್ವಾ ಅಂದರೆ ಇದೆ. ಕೊನೆಯ ಹೊತ್ತಿಗೆ ಕಷ್ಟದ ಮೇಲೆ ಕಷ್ಟ, ಒಬ್ಬೊಬ್ಬರಿಗೂ ಇಷ್ಟು ಯಾಕೆ ಅನ್ನಿಸುತ್ತದೆ. ಸ್ವಲ್ಪ ಉಸಿರು ಬಿಡೋಕೆ ಜಾಗ ಕೊಡಬೇಕಿತ್ತು. ನನ್ನ ಹೆಂಡತಿ ಅದೇ ಭಾಗ ಚೆನ್ನಾಗಿದೆ ಅನ್ನುತ್ತಾಳೆ. ನಮ್ಮಿಬ್ಬರಲ್ಲಿ ಸಿನಿಮಾಕ್ಕೂ ಇದೇ ಜಗಳ.

ಅದರಲ್ಲಿ ಬರೋದೆಲ್ಲಾ ನಡೆದದ್ದಾ?

ಕಾದಂಬರಿ ಸ್ವಾಮಿ. ರಾಜರು, ಯುದ್ಧ, ಯಹೂದಿಗಳಿಗೆ ಕೊಟ್ಟ ಹಿಂಸೆ ಇವೆಲ್ಲ ಇತಿಹಾಸದಲ್ಲಿದೆ. 1497ರಲ್ಲಿ ಪೋರ್ಚುಗಲ್ಲಿನ ರಾಜ ಅವರನ್ನು ಬಲವಂತವಾಗಿ ಮತ ಬದಲಿಸಿದ, 1506ರಲ್ಲಿ ಲಿಸ್ಬನ್ನಿನಲ್ಲಿ ದೊಡ್ಡ ಕಗ್ಗೊಲೆಯೇ ನಡೆಯಿತು. ಹಂಪಮ್ಮನ ರೇಷನ್ ಕಾರ್ಡು ಕೇಳಬೇಡಿ.

ಹಂಪಿ, ಆನೆಗುಂದಿ ಕಡೆ ನಿಧಿ ಇರೋದು ನಿಜಾನಾ? ಯಾವುದೋ ಕಾದಂಬರಿಯಲ್ಲಿ ಇದೆಯಂತೆ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ದನಿ ತಗ್ಗಿಸಿ ಕೇಳುತ್ತಾರೆ. ಅವರು ಹೇಳೋದು ಕೆ.ಎನ್. ಗಣೇಶಯ್ಯ ಅವರ 'ಕರಿಸಿರಿಯಾನ'. 1565ರ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದ ಸಂಪತ್ತನ್ನು ನೂರಾರು ಆನೆಗಳ ಮೇಲೆ ಹೇರಿಕೊಂಡು ಹೋದರು ಅಂತ ಒಂದು ಮಾತಿದೆಯಲ್ಲ, ಅದು ಎಲ್ಲಿಗೆ ಹೋಯಿತು ಅಂತ ಹುಡುಕುವ ಕತೆ. ಕರಿ ಅಂದರೆ ಆನೆ, ಸಿರಿ ಅಂದರೆ ಸಂಪತ್ತು. ಗಣೇಶಯ್ಯ ಕೃಷಿ ವಿಜ್ಞಾನಿ, ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಹೀಗಾಗಿ ಗೊಬ್ಬರದ ಅಂಗಡಿಯವನಿಗೆ ಅವರು ಸ್ವಂತದವರು ಅನ್ನಿಸುತ್ತಾರೆ! ಕತೆಯ ನಡುವೆ ಶಾಸನ, ಫೋಟೋ, ಅಡಿಟಿಪ್ಪಣಿ ಎಲ್ಲಾ ಇಡುತ್ತಾರೆ. ಅಂಗಡಿಯಲ್ಲಿ ಓದೋಕೆ ಇದರಷ್ಟು ಅನುಕೂಲ ಇನ್ನೊಂದಿಲ್ಲ. ಸಣ್ಣ ಸಣ್ಣ ಅಧ್ಯಾಯ, ಪ್ರತಿ ಅಧ್ಯಾಯದ ಕೊನೆಗೆ ಒಂದು ಕೊಕ್ಕೆ. ಗಿರಾಕಿ ಹೋದ ಕೂಡಲೇ ಕೈ ತಾನಾಗಿ ಹೋಗುತ್ತದೆ. ಆದರೆ ಮುಗಿಸಿದ ಮೇಲೆ ಪಾತ್ರಗಳ ಹೆಸರು ಒಂದು ವಾರವೂ ತಲೆಯಲ್ಲಿ ಉಳಿಯಲಿಲ್ಲ. ಕುತೂಹಲ ಉಳಿಯಿತು, ಮನುಷ್ಯರು ಉಳಿಯಲಿಲ್ಲ. ಅಲ್ಲಿಗೆ ನನ್ನ ಅಳತೆಯಲ್ಲೂ ಒಂದು ತೂತು ಇದೆ ಅಂತಾಯಿತು.

ನಿಧಿಯ ವಿಷಯ: ದಯವಿಟ್ಟು ಹಾರೆ ತಗೊಂಡು ಹೋಗಬೇಡಿ. 2019ರ ಜುಲೈನಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿ ಆಸೆಗೆ ಒಡೆದು ಹಾಕಿದರು. ಮಾರನೇ ದಿನವೇ ಭಕ್ತರೆಲ್ಲ ಸೇರಿ ಮತ್ತೆ ಕಟ್ಟಿ ನಿಲ್ಲಿಸಿದರು ಅನ್ನಿ. ಆ ಸುದ್ದಿ ಬಂದ ದಿನ ನಮ್ಮ ಅಂಗಡಿ ಮುಂದೆ ಚಹಾ ಕುಡಿಯುತ್ತಾ ನಿಂತವರ ಮುಖ ನನಗಿನ್ನೂ ನೆನಪಿದೆ.

'ಘಾಚರ್ ಘೋಚರ್' ಅಂದರೆ ಏನು? ಬೈಗುಳಾನಾ?

ಅಲ್ಲ. ಅದಕ್ಕೆ ಅರ್ಥವೇ ಇಲ್ಲ. ಗಾಳಿಪಟದ ದಾರ ಗೋಜಲಾದಾಗ ಮಕ್ಕಳು ಹುಟ್ಟಿಸಿಕೊಂಡ ಮಾತು. ವಿವೇಕ ಶಾನಭಾಗ ಬರೆದದ್ದು, 2013ರಲ್ಲಿ ಬಂತು. ನೂರು ಪುಟದ ಆಸುಪಾಸು. ಶ್ರೀನಾಥ ಪೇರೂರು ಇಂಗ್ಲಿಷಿಗೆ ಮಾಡಿದ ಮೇಲೆ ಎಲ್ಲೆಲ್ಲೋ ಹೋಯಿತು.

ಬೆಂಗಳೂರಿನ ಒಂದು ಸಂಸಾರ. ಅಪ್ಪ ಚಹಾಪುಡಿ ಮಾರುವ ಕಂಪನಿಯಲ್ಲಿ ಸೇಲ್ಸ್‌ಮನ್, ಅಷ್ಟಕ್ಕಷ್ಟೇ ಸಂಬಳ, ಸಣ್ಣ ಮನೆ, ಮನೆ ತುಂಬಾ ಇರುವೆ. ಆಮೇಲೆ ಚಿಕ್ಕಪ್ಪ ಸೋನಾ ಮಸಾಲಾ ಅಂತ ವ್ಯಾಪಾರ ಶುರು ಮಾಡಿ ದುಡ್ಡು ಬರುತ್ತದೆ. ಸೋನಾ ಮಸೂರಿ ಬೆಳೆಯುವ ಊರಿನವನು ನಾನು, ಆ ಹೆಸರು ಓದಿ ಮೊದಲು ನಕ್ಕೆ. ನಗು ಬಹಳ ಹೊತ್ತು ಇರಲಿಲ್ಲ. ದುಡ್ಡು ಬಂದ ಮೇಲೆ ಆ ಮನೆಯವರು ಒಬ್ಬರಿಗೊಬ್ಬರು ಹೇಗೆ ಅಂಟಿಕೊಳ್ಳುತ್ತಾರೆ, ಹೊರಗಿನಿಂದ ಬಂದವರನ್ನು ಹೇಗೆ ನೋಡುತ್ತಾರೆ ಅನ್ನೋದನ್ನ ಜೋರು ದನಿ ಮಾಡದೆ ಹೇಳುತ್ತಾ ಹೋಗುತ್ತಾರೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರುವ ಒಂದು ಸನ್ನಿವೇಶ ಇದೆ. ಬಂದವಳ ಕೈಯಲ್ಲಿ ಮಸೂರ್ ಬೇಳೆಯ ಸಾರು. ಅದನ್ನು ಓದಿ ನಾನು ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತೆ. ಗಿರಾಕಿ ಬಂದಿರಲಿಲ್ಲ, ನಾನೇ ಎದ್ದೆ.

ನಮ್ಮದೂ ಅಣ್ಣ-ತಮ್ಮಂದಿರು ಸೇರಿ ನಡೆಸುವ ಅಂಗಡಿ. ಒಬ್ಬನ ದುಡಿಮೆ ಮೇಲೆ ಮನೆಯೆಲ್ಲಾ ನಿಂತಾಗ ಅವನು ಏನು ಮಾಡಿದರೂ ಸರಿ ಅನ್ನುವ ಒಂದು ಹವಾ ಹುಟ್ಟುತ್ತದಲ್ಲ, ಅದು ನನಗೆ ಹೊಸದಲ್ಲ. ಹೆಂಡತಿ ಎರಡೇ ಸಂಜೆಯಲ್ಲಿ ಓದಿ ಮುಗಿಸಿ "ಇದರಲ್ಲಿ ನಿಮ್ಮ ಮನೆಯವರೆಲ್ಲಾ ಇದ್ದಾರೆ" ಅಂದಳು. "ನೀನೂ ಇದ್ದೀಯಾ" ಅಂದೆ. ಎರಡು ದಿನ ಮನೆಯಲ್ಲಿ ಮಾತು ಕಮ್ಮಿ ಇತ್ತು.

ಕೊನೆ ಅರ್ಥ ಆಗಲಿಲ್ಲ ಅನ್ನುವವರಿಗೆ: ಅರ್ಥ ಆಗಿದೆ, ನೀವು ಒಪ್ಪಿಕೊಳ್ಳುತ್ತಿಲ್ಲ ಅಷ್ಟೇ.

ಅವರದೇ 'ಸಕೀನಾಳ ಮುತ್ತು'?

ಓದಿದೆ. ವೆಂಕಟ, ವಿಜಿ, ಅವರ ಮಗಳು ರೇಖಾ. ಮಗಳು ಎಲ್ಲಿ ಹೋದಳು ಅನ್ನೋ ಗಾಬರಿ ಮೊದಲಿಂದ ಇರುತ್ತದೆ. ತನ್ನನ್ನು ತಾನು ಒಳ್ಳೆಯವನು ಅಂತ ನಂಬಿಕೊಂಡ ಗಂಡಸಿನ ತಲೆಯೊಳಗೆ ಕೂರಿಸುತ್ತಾರೆ, ಅದು ನನಗೆ ಇರುಸುಮುರುಸು ಆಯಿತು, ಯಾಕೆ ಅಂತ ಕೇಳಬೇಡಿ. 'ಘಾಚರ್ ಘೋಚರ್'ನಷ್ಟು ಬಿಗಿ ಇಲ್ಲ ಅನ್ನಿಸಿತು. ನನಗೂ ಮಗಳಿದ್ದಾಳೆ, ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಓದುತ್ತಾ ಓದುತ್ತಾ ಎರಡು ಸಲ ಅವಳಿಗೆ ಫೋನ್ ಮಾಡಿದೆ. "ಏನಪ್ಪಾ, ಕಾರಣ ಇಲ್ಲದೆ ಫೋನು?" ಅಂದಳು.

ಕುಂವೀ ಅವರ 'ಅರಮನೆ' ಎಷ್ಟು ತಿಂಗಳಿಂದ ಗಲ್ಲಾದ ಮೇಲೇ ಇದೆಯಲ್ಲ, ಯಾಕೆ?

ಇದನ್ನು ಕೇಳದೇ ಇದ್ದವರೇ ಇಲ್ಲ. ಉತ್ತರ ಸ್ವಲ್ಪ ಉದ್ದ.

ಕುಂ. ವೀರಭದ್ರಪ್ಪ ಕೊಟ್ಟೂರಿನವರು. ಅವರು ಹುಟ್ಟಿದಾಗ ಅದು ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. 'ಅರಮನೆ'ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕತೆ ನಡೆಯುವುದು ಥಾಮಸ್ ಮನ್ರೋ ಕಾಲದಲ್ಲಿ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1807ರ ತನಕ ಮನ್ರೋ ಕಲೆಕ್ಟರ್ ಆಗಿದ್ದ. ಪಾಳೇಗಾರರನ್ನು ಅಡಗಿಸಿ, ಹೊಲ ಅಳೆಸಿ, ರೈತನಿಗೇ ನೇರವಾಗಿ ಕಂದಾಯ ಕಟ್ಟಿದ. ಆಂಧ್ರದ ಕಡೆ ಇವತ್ತಿಗೂ ಅವನನ್ನು ಒಳ್ಳೆ ಮಾತಿನಲ್ಲಿ ನೆನೆಯುವ ಹಳ್ಳಿಗಳಿವೆ.

ಇಷ್ಟು ಕೇಳಿದರೆ ಐತಿಹಾಸಿಕ ಕಾದಂಬರಿ ಅನ್ನಿಸುತ್ತದೆ ಅಲ್ವಾ? ನಾನೂ ಹಾಗೇ ಅಂದುಕೊಂಡು ತೆಗೆದೆ. ತೆಗೆದ ಕೂಡಲೇ ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕಿಹಾಕಿಕೊಂಡ ಹಾಗಾಯಿತು. ಒಂದು ವಾಕ್ಯ ಶುರುವಾದರೆ ಎಲ್ಲಿ ಮುಗಿಯುತ್ತೋ ಗೊತ್ತಿಲ್ಲ. ಅದರೊಳಗೆ ಹತ್ತು ಜನ ಬಂದು ಹೋಗುತ್ತಾರೆ, ದೇವರು ಮೈಮೇಲೆ ಬರುತ್ತದೆ, ಯಾರೋ ಸಾಯುತ್ತಾರೆ, ಯಾರೋ ನಗುತ್ತಾರೆ, ಅರಮನೆ ಹಾಳು ಬೀಳುತ್ತಾ ಇರುತ್ತದೆ. ಅದರ ಮಾತು ನಮ್ಮದೇ ಮಾತು. ನಮ್ಮ ಅಜ್ಜಿ ಆಡುತ್ತಿದ್ದ, ನಾನು ಸತ್ತೇ ಹೋಯಿತು ಅಂದುಕೊಂಡಿದ್ದ ಪದಗಳು ಅಚ್ಚಿನಲ್ಲಿ ಕಂಡವು.

ಇಂಥ ಪುಸ್ತಕವನ್ನು ವಾಕ್ಯದ ನಡುವೆ ಬಿಟ್ಟು ಎದ್ದರೆ ಮುಗಿಯಿತು. ವಾಪಸ್ ಬಂದಾಗ ಎಲ್ಲಿದ್ದೆ ಅಂತಲೇ ಗೊತ್ತಾಗಲ್ಲ, ಮತ್ತೆ ಎರಡು ಪುಟ ಹಿಂದಿನಿಂದ ಶುರು. ನಾನು ಮೂರು ಸಲ ಶುರು ಮಾಡಿದೆ, ಮೂರು ಸಲವೂ ಐವತ್ತು-ಅರವತ್ತು ಪುಟಕ್ಕೆ ನಿಂತೆ. ಗಲ್ಲಾದ ಮೇಲೆ ಧೂಳು ಕುಡಿಯುತ್ತಾ ಇತ್ತು. ಬಂದವರೆಲ್ಲಾ ಕೇಳೋದು, ನಾನು ನಗೋದು.

ಕೊನೆಗೆ ಉಪಾಯ ಕೊಟ್ಟವರು ನಮ್ಮ ಹಮಾಲರಲ್ಲಿ ಒಬ್ಬರು, ಹಿರಿಯರು. ನನ್ನ ಪಾಡು ನೋಡಿ "ಅಣ್ಣಾ, ಜೋರಾಗಿ ಓದ್ರಿ, ನಾವೂ ಕೇಳ್ತೀವಿ" ಅಂದರು. ಲಾರಿ ಬರುವ ತನಕ ಗೊಬ್ಬರದ ಚೀಲದ ಮೇಲೆ ಕೂತು ಅವರು ಮೂವರು ಕೇಳೋದು, ನಾನು ಓದೋದು. ಆಗ ಪುಸ್ತಕ ಬಿಚ್ಚಿಕೊಂಡಿತು. ಕಣ್ಣಿಗೆ ಗೋಡೆ ಹಾಗೆ ಕಂಡ ವಾಕ್ಯ ಬಾಯಲ್ಲಿ ಸಲೀಸಾಗಿ ಹರಿಯಿತು. ಎಲ್ಲಿ ಉಸಿರು ತಗೋಬೇಕು ಅಂತ ನಾಲಗೆಗೆ ಮೊದಲೇ ಗೊತ್ತಿತ್ತು. ನಾನು ದಾಟಿಸಿಕೊಂಡು ಹೋದ ಮಾತಿಗೆ ಅವರು ನಗುತ್ತಿದ್ದರು. ನಿಲ್ಲಿಸಿ ಮತ್ತೆ ಓದಿದರೆ ಹೌದಲ್ಲ, ಇಲ್ಲೊಂದು ತಮಾಷೆ ಇದೆ. ಹೀಗೆ ಎರಡು ತಿಂಗಳು. ಈಗ ಇನ್ನೂ ಸ್ವಲ್ಪ ಉಳಿದಿದೆ, ಸೀಸನ್ ಬಂತು, ನಿಂತಿದೆ. ಆದ್ದರಿಂದ ಅದು ಗಲ್ಲಾದ ಮೇಲೇ ಇರುತ್ತದೆ, ಒಳಗೆ ಇಟ್ಟರೆ ಹಮಾಲರು ಬಿಡಲ್ಲ.

'ಮಲೆಗಳಲ್ಲಿ ಮದುಮಗಳು' ಪೂರ್ತಿ ಓದಿದ್ದೀರಾ? ನಿಜ ಹೇಳಿ.

ಓದಿದ್ದೇನೆ. ಕೊಂಡದ್ದಕ್ಕೂ ಓದಿದ್ದಕ್ಕೂ ನಡುವೆ ಹನ್ನೆರಡು ವರ್ಷ. 2011ರ ಡಿಸೆಂಬರಿನಲ್ಲಿ ನಮ್ಮೂರಲ್ಲೇ 78ನೇ ಸಾಹಿತ್ಯ ಸಮ್ಮೇಳನ ಆಯಿತು, ಸಾಹಿತಿ ಸಿ.ಪಿ. ಕೃಷ್ಣಕುಮಾರ್ (ಸಿಪಿಕೆ) ಅಧ್ಯಕ್ಷರಾಗಿದ್ದರು. ಪುಸ್ತಕ ಮಳಿಗೆಯಲ್ಲಿ ಎಲ್ಲರೂ ಕೊಳ್ಳುತ್ತಿದ್ದಾರೆ ಅಂತ ನಾನೂ ಕೊಂಡೆ. ಆಮೇಲೆ ಅದು ಮನೆಯಲ್ಲಿ ಟಿವಿ ಕೆಳಗೆ ಇತ್ತು, ಟಿವಿ ಸ್ವಲ್ಪ ಎತ್ತರಕ್ಕೆ ಬೇಕಿತ್ತು. ಕುವೆಂಪು ಕ್ಷಮಿಸಬೇಕು.

ಒಂದು ಏಪ್ರಿಲ್ ತಿಂಗಳಲ್ಲಿ ಓದಿದೆ. ನಮ್ಮ ಏಪ್ರಿಲ್ ಗೊತ್ತಲ್ಲ, ಮಧ್ಯಾಹ್ನ ಡಾಂಬರು ಚಪ್ಪಲಿಗೆ ಅಂಟುತ್ತದೆ. ಪುಸ್ತಕದಲ್ಲಿ ಮಾತ್ರ ಮಳೆ, ಕಾಡು, ಕೆಸರು, ಇಂಬಳ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡಿನಲ್ಲಿ ನಡೆಯುತ್ತಾ ಇರುತ್ತಾನೆ, ನನ್ನ ಕಾಲಿಗೆ ಇಂಬಳ ಹತ್ತಿದ ಹಾಗೆ ಅನ್ನಿಸಿ ಕೊಡವಿಕೊಂಡದ್ದೂ ಉಂಟು. ಮೊದಲ ನೂರು ಪುಟ ಯಾರು ಯಾರ ಮನೆಯವರು, ಯಾವ ಹಳ್ಳಿ ಎಲ್ಲಿ ಅಂತ ಒದ್ದಾಡಿದೆ. ಒಂದು ಹಳೇ ಬಿಲ್ಲಿನ ಹಿಂದೆ ಹೆಸರು ಬರೆದಿಟ್ಟುಕೊಂಡೆ. ಆಮೇಲೆ ಬೇಕಾಗಲಿಲ್ಲ. ಅಡ್ಡಿಗೆ ಇದು ಹೆದರುವ ಪುಸ್ತಕವಲ್ಲ. ಅಲ್ಲಿ ಯಾರಿಗೂ ಅವಸರ ಇಲ್ಲ, ನೀವು ಎದ್ದು ಹೋಗಿ ನಾಲ್ಕು ದಿನ ಬಿಟ್ಟು ಬಂದರೂ ಅವರು ಅದೇ ದಾರಿಯಲ್ಲಿ ಅಡಿಕೆ ಎಲೆ ಹಾಕಿಕೊಳ್ಳುತ್ತಾ ಸಿಗುತ್ತಾರೆ.

ಕೊನೆಯಲ್ಲಿ ಹುಲಿಯನನ್ನು ತುಂಗೆಯ ಪ್ರವಾಹ ಕೊಂಡೊಯ್ಯುತ್ತದೆ. ಪುಸ್ತಕ ಬಂದು ಐವತ್ತು ವರ್ಷದ ಮೇಲಾಯಿತು, 1967, ಗುಟ್ಟು ಬಿಟ್ಟುಕೊಟ್ಟೆ ಅಂತ ಬೈಯಬೇಡಿ. ಅದನ್ನು ಓದಿ ಮುಗಿಸಿ ರಾತ್ರಿ ಮಲಗಿದಾಗ ಹೊಳೆಯಿತು: ಆ ತುಂಗೆಯೇ ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ ನಮ್ಮ ಡ್ಯಾಮಿಗೆ ಬರುವುದು. ನಮ್ಮ ಎಡದಂಡೆ ಕಾಲುವೆಯ ನೀರು ಅಲ್ಲಿಯದು. ಗುತ್ತಿ ಅತ್ತ ಹೊಳೆಯಲ್ಲೇ ನಾನು ಭತ್ತದ ಬೀಜ ಮಾರಿ ಬದುಕುತ್ತಿದ್ದೇನೆ. ಜುಲೈನಲ್ಲಿ ಮಲೆನಾಡಿನಲ್ಲಿ ಜೋರು ಮಳೆ ಅಂತ ಟಿವಿಯಲ್ಲಿ ಬಂದರೆ ನಾವಿಲ್ಲಿ ಖುಷಿ ಪಡುತ್ತೇವೆ, ಡ್ಯಾಮ್ ತುಂಬುತ್ತೆ ಅಂತ. ಈಗ ಆ ಖುಷಿಯ ಜೊತೆ ಆ ನಾಯಿಯೂ ನೆನಪಾಗುತ್ತದೆ.

'ಕುಸುಮಬಾಲೆ' ಅರ್ಥ ಆಗಲ್ಲ ಅಂತಾರೆ, ಹೌದಾ?

ನಮ್ಮ ಕಡೆಯವರಿಗೆ ಕಷ್ಟ, ಹೌದು. ದೇವನೂರ ಮಹಾದೇವ ಅದನ್ನು ನಂಜನಗೂಡಿನ ಕಡೆಯ ಆಡುಮಾತಿನಲ್ಲಿ ಬರೆದಿದ್ದಾರೆ. 1990ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ, ತೆಳ್ಳಗೆ ಇದೆ, ಒಂದು ಸಂಜೆಯಲ್ಲಿ ಮುಗಿಸಬಹುದು ಅಂತ ತೆಗೆದು ಒಂದು ತಿಂಗಳು ತಗೊಂಡೆ. ರಾತ್ರಿ ದೀಪದ ಜೋತಮ್ಮಗಳು ಒಂದು ಕಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಮಾತಾಡುವ ಭಾಗ ಇದೆ. ಅಷ್ಟೇ ಅರ್ಥ ಆದರೂ ಸಾಕು, ಕೊಟ್ಟ ದುಡ್ಡು ವಸೂಲು. ಇದನ್ನೂ ಬಾಯಿಬಿಟ್ಟು ಓದಬೇಕು. ಆದರೆ ನನ್ನ ಬಾಯಿಗೆ ಆ ರಾಗ ಬರಲಿಲ್ಲ. ಮೈಸೂರು ಕಡೆಯ ಒಬ್ಬ ಕಂಪನಿ ಪ್ರತಿನಿಧಿ, ಔಷಧದ ಆರ್ಡರ್ ತಗೊಳ್ಳೋಕೆ ಬಂದವರು, ಎರಡು ಪುಟ ಓದಿ ಕೇಳಿಸಿದರು. ಆ ದಿನ ಆರ್ಡರ್ ಸ್ವಲ್ಪ ಜಾಸ್ತಿಯೇ ಕೊಟ್ಟೆ.

ಇದೇ ತೊಂದರೆ ಅವರಿಗೂ ಇರುತ್ತದೆ ನೋಡಿ. ಗೀತಾ ನಾಗಭೂಷಣ ಅವರ 'ಬದುಕು', 2004ರ ಅಕಾಡೆಮಿ ಪ್ರಶಸ್ತಿಯದ್ದು, ಕಲಬುರಗಿ ಕಡೆಯ ಮಾತು. ನನಗೆ ನೀರು ಕುಡಿದ ಹಾಗೆ ಓದಿಸಿಕೊಂಡಿತು. ಅದೇ ಪುಸ್ತಕ ಆ ಪ್ರತಿನಿಧಿಗೆ ಕೊಟ್ಟೆ. ಮುಂದಿನ ತಿಂಗಳು ಬಂದು "ಅರ್ಧ ಅರ್ಥ ಆಯ್ತು ಸಾರ್" ಅಂದರು. ಲೆಕ್ಕ ಚುಕ್ತಾ ಆಯಿತು.

ಬೂಕರ್ ಬಂದ ಕನ್ನಡ ಕಾದಂಬರಿ ಇದೆಯಾ ನಿಮ್ಮ ಹತ್ತಿರ?

ಅದು ಕಾದಂಬರಿ ಅಲ್ಲ, ಕತೆಗಳು. ಹಾಸನದ ಬಾನು ಮುಷ್ತಾಕ್ ಬರೆದ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದರು, 2025ರ ಮೇ ತಿಂಗಳಲ್ಲಿ ಪ್ರಶಸ್ತಿ ಬಂತು. ನಾಲ್ಕೈದು ಕತೆ ಓದಿದೆ. ಎರಡರ ನಂತರ ಒಂದು ದಿನ ಬಿಡಬೇಕಾಯಿತು, ಮನಸ್ಸಿಗೆ ಭಾರ.

ಯಂಡಮೂರಿ ಓದೋದು ಸಾಹಿತ್ಯಾನಾ?

ನಾನು ಓದೋಕೆ ಶುರು ಮಾಡಿದ್ದೇ ಅಲ್ಲಿಂದ. 'ತುಳಸಿದಳ' ಓದಿ ಒಂದು ವಾರ ರಾತ್ರಿ ಒಬ್ಬನೇ ಬಚ್ಚಲಿಗೆ ಹೋಗಿರಲಿಲ್ಲ. ನಮ್ಮ ಗಿರಾಕಿಗಳಲ್ಲಿ ಕ್ಯಾಂಪಿನವರು ಬಹಳ ಇದ್ದಾರೆ, ಆಂಧ್ರದಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಅವರಲ್ಲಿ ಒಬ್ಬರು ಅದನ್ನು ತೆಲುಗಿನಲ್ಲೇ ಓದಿದ್ದರು. ಅವರು ತೆಲುಗಲ್ಲಿ ಹೇಳೋದು, ನಾನು ಕನ್ನಡದಲ್ಲಿ ಹೇಳೋದು, ಇಬ್ಬರೂ ಒಂದೇ ಕಡೆ ಹೆದರಿದ್ದೆವು ಅಂತ ಗೊತ್ತಾಯಿತು. ಸಾಹಿತ್ಯ ಹೌದೋ ಅಲ್ವೋ ಅಂತ ತೀರ್ಪು ಕೊಡೋಕೆ ಬೇರೆಯವರಿದ್ದಾರೆ. ಈಗ ಮತ್ತೆ ಓದಿ ನೋಡಿದೆ, ಹೆದರಿಕೆ ಆಗಲಿಲ್ಲ, ಬೇಜಾರಾಯಿತು. ಪುಸ್ತಕಕ್ಕೆ ವಯಸ್ಸಾಯಿತೋ ನನಗಾಯಿತೋ.

ಅರ್ಧಕ್ಕೆ ಬಿಟ್ಟರೆ ತಪ್ಪಾ?

ತಪ್ಪಲ್ಲ. ಭತ್ತ ನಾಟಿ ಮಾಡಿದ ಮೇಲೆ ಗದ್ದೆ ಬಿಡೋಕಾಗಲ್ಲ, ಪುಸ್ತಕ ಬಿಡಬಹುದು. ಆದರೆ ಬಿಟ್ಟ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳಬೇಡಿ. ನಾನು 'ಪರ್ವ'ವನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಹೀಗಾಗಿ ಭೈರಪ್ಪನವರ ಬಗ್ಗೆ ಅಂಗಡಿ ಮುಂದೆ ಜಗಳ ಶುರುವಾದರೆ, ಅದು ತಿಂಗಳಿಗೊಮ್ಮೆ ಆಗೇ ಆಗುತ್ತದೆ, ನಾನು ಸ್ಟಾಕ್ ಎಣಿಸುವ ನೆಪ ಮಾಡಿ ಗೋಡೌನಿಗೆ ಹೋಗುತ್ತೇನೆ.

ಪುಸ್ತಕ ಎಲ್ಲಿಂದ ತರಿಸ್ತೀರಿ?

ಅಂಚೆಯಲ್ಲಿ, ಕೊರಿಯರಿನಲ್ಲಿ. ಒಂದು ಸಲ ಮಳೆಯಲ್ಲಿ ನೆನೆದು ಇಡ್ಲಿ ಹಾಗೆ ಊದಿಕೊಂಡ ಪುಸ್ತಕ ಬಂತು, ಬಿಸಿಲಿಗೆ ಒಣಗಿಸಿ ಓದಿದೆ. ಹೊಸಪೇಟೆ ಕಡೆ ಹೋದರೆ ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕೂ ಹೋಗುತ್ತೇನೆ, ಅಲ್ಲಿ ಪ್ರಸಾರಾಂಗದ ಪುಸ್ತಕ ಸಿಗುತ್ತವೆ, ಕಾದಂಬರಿ ಕಮ್ಮಿ, ಸಂಶೋಧನೆ ಜಾಸ್ತಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ಮಿರ್ಚಿ ತಿಂದು ಕೈ ಒರೆಸಿಕೊಂಡು ಪುಸ್ತಕದ ಅಂಗಡಿ ಹುಡುಕೋದು ನನ್ನ ಅಭ್ಯಾಸ. ಕೈ ಸರಿಯಾಗಿ ಒರೆಸಿಕೊಳ್ಳಿ, ಎಣ್ಣೆ ಕಲೆ ಹೋಗಲ್ಲ.

ಮಗ ಮೊಬೈಲ್ ಬಿಡಲ್ಲ, ಯಾವ ಕಾದಂಬರಿ ಕೊಡಲಿ?

'ಕರ್ವಾಲೊ' ಕೊಡಿ. ಪೂರ್ಣಚಂದ್ರ ತೇಜಸ್ವಿ, 1980. ಒಬ್ಬ ವಿಜ್ಞಾನಿ, ಒಬ್ಬ ಹಳ್ಳಿಯ ಮಂದಣ್ಣ, ಕಿವಿ ಅನ್ನೋ ನಾಯಿ, ಎಲ್ಲರೂ ಸೇರಿ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಓತಿಕ್ಯಾತ ನಮ್ಮ ಹುಡುಗರಿಗೆ ಹೊಸದಲ್ಲ, ಕಲ್ಲು ಹೊಡೆದೇ ಬೆಳೆದವರು. ಅದು ಹಾರುತ್ತೆ ಅಂದರೆ ಕಿವಿ ನಿಮಿರುತ್ತದೆ. ಆದರೆ "ಓದು, ಒಳ್ಳೇದು" ಅಂತ ಕೊಡಬೇಡಿ. ನೀವು ಓದುತ್ತಾ ನಗಿ, ಯಾಕೆ ನಗ್ತಿದ್ದೀ ಅಂತ ಕೇಳಿದರೆ ಹೇಳಬೇಡಿ. ನನ್ನ ಸೋದರಳಿಯನ ಮೇಲೆ ಈ ಉಪಾಯ ನಡೆಯಿತು. ಅಣ್ಣನ ಮಗನ ಮೇಲೆ ನಡೆಯಲಿಲ್ಲ, ಅವನು "ಹಾರುವ ಓತಿ" ಅಂತ ಮೊಬೈಲಿನಲ್ಲಿ ಹುಡುಕಿ ವಿಡಿಯೋ ನೋಡಿ ಮುಗಿಸಿದ.

ಓದೋಕೆ ಒಂದು ಪುಸ್ತಕ ಕೊಡ್ತೀರಾ? ವಾಪಸ್ ಕೊಡ್ತೀನಿ.

ಕೊಡುತ್ತೇನೆ. ಉದ್ರಿ ಪುಸ್ತಕದಲ್ಲೇ ಕೊನೆಯ ನಾಲ್ಕು ಹಾಳೆ ಇದಕ್ಕಾಗಿ ಬಿಟ್ಟಿದ್ದೇನೆ. ಹೆಸರು, ಊರು, ಪುಸ್ತಕ, ತಾರೀಖು. ಗೊಬ್ಬರದ ಬಾಕಿ ಭತ್ತ ಕೊಯ್ದ ಮೇಲೆ ಬರುತ್ತದೆ, ಪುಸ್ತಕದ ಬಾಕಿ ಬರುವುದು ನಿಧಾನ. ಸದ್ಯಕ್ಕೆ ಹೊರಗಿರುವುದು ಏಳು. 'ಘಾಚರ್ ಘೋಚರ್' ತಗೊಂಡು ಹೋದವರು ಒಂದು ವರ್ಷದಿಂದ ಈ ಕಡೆ ಬಂದಿಲ್ಲ, ಡಿಎಪಿ ಸಹ ಬೇರೆ ಅಂಗಡಿಯಲ್ಲಿ ತಗೊಳ್ಳುತ್ತಿದ್ದಾರಂತೆ. ಅಣ್ಣಾರ, ಇದನ್ನು ಓದುತ್ತಿದ್ದರೆ ಪುಸ್ತಕ ನೀವೇ ಇಟ್ಟುಕೊಳ್ಳಿ, ನಾನು ಇನ್ನೊಂದು ಪ್ರತಿ ತರಿಸಿದ್ದೇನೆ. ಗೊಬ್ಬರಕ್ಕೆ ಮಾತ್ರ ಇಲ್ಲಿಗೇ ಬನ್ನಿ.